ಅಜ್ಜಿಯ ಶುಗರ್ ಪುಸ್ತಕ

ಪಥ್ಯ ಹೇಳೋ ಕೆಲಸದಲ್ಲಿ ದಿನಕ್ಕೊಂದು ತಮಾಷೆ ಇದ್ದದ್ದೇ. ನಾವು ಒಂದು ಹೇಳಿದರೆ ಅವರು ಇನ್ನೊಂದು ತಿಂದಿರ್ತಾರೆ. ರಿಸೆಷನ್ ಕಾಲದಲ್ಲಿ ನಾನು ಶಿಕಾಗೋದ ಮೆಕ್ಸಿಕನ್ ಬೀದಿಯೊಂದರ ಕ್ಲಿನಿಕ್ಕಿನಲ್ಲಿ ಡಯಟೀಶಿಯನ್ ಆಗಿದ್ದೆ. ಅಲ್ಲಿಗೆ ಸಕ್ಕರೆ ಕಾಯಿಲೆಯ ದಪ್ಪನೆಯ ಅಜ್ಜಿಯೊಬ್ಬರು ಬರುತ್ತಿದ್ದರು. ಅವರ ಸ್ಪ್ಯಾನಿಷ್ ನನಗೆ, ನನ್ನ ಇಂಗ್ಲಿಷ್ ಅವರಿಗೆ ನಮ್ಮ ನರ್ಸಮ್ಮ ದಾಟಿಸುತ್ತಿದ್ದಳು.

೧. ಕೋಲಾ

"ಅಜ್ಜಿ, ದಿನಕ್ಕೆ ಎಷ್ಟು ಕೋಲಾ ಕುಡೀತೀರಿ?"

"ನಾನಾ? ಮುಟ್ಟೋದೇ ಇಲ್ಲ ಮಗಳೇ. ಯಾರಾದ್ರೂ ಮನೆಗೆ ಬಂದಾಗ ಅವರ ಜೊತೆ ಒಂದು ಲೋಟ, ಅಷ್ಟೇ."

"ಯಾರು ಬರ್ತಾರೆ?"

"ಫ್ಯಾಕ್ಟರಿ ಮುಚ್ಚಿ ಎಲ್ಲರೂ ಮನೇಲೇ ಕೂತಿದಾರಲ್ಲ, ಇಡೀ ಬೀದಿಯೇ ಬರುತ್ತೆ!"

೨. ಅನ್ನ

ಊಟಕ್ಕೆ ಅವರ ಮೆಕ್ಕೆಜೋಳದ ರೊಟ್ಟಿ, ಟೋರ್ಟಿಯಾ, ಎರಡೇ ಅಂದೆ. ಅಜ್ಜಿ ತಿರುಗಿ ಕೇಳಿದರು, "ನೀನು ಏನು ತಿಂತೀಯ?"

"ಅನ್ನ."

"ಎಷ್ಟು?"

ಮನಸ್ಸಲ್ಲೇ ಎಣಿಸಿದೆ: ಸಾರಿಗೊಂದು ಸಲ, ಹುಳಿಗೊಂದು ಸಲ, ಮೊಸರಿಗೊಂದು ಸಲ. ನಾನು ಫೈಲು ತಿರುವಿ ಹಾಕತೊಡಗಿದೆ. ನರ್ಸಮ್ಮ ಕೇಳಿದಳು, "ಮೇಡಂ, ಈ ಮೌನವನ್ನ ಸ್ಪ್ಯಾನಿಷ್‌ನಲ್ಲಿ ಹೇಗೆ ಹೇಳ್ಲಿ?"

೩. ಒಳ್ಳೇ ನಂಬರ್

ಆಮೇಲೆ ಮೂರು ತಿಂಗಳು, ಮನೆಯಲ್ಲೇ ಶುಗರ್ ನೋಡಿ ಅಜ್ಜಿ ಬರೆದು ತಂದ ಪುಸ್ತಕ ಕಂಡು ನಾನು ಕುಣಿಯೋದೊಂದು ಬಾಕಿ. ಎಲ್ಲ ನೂರರ ಆಸುಪಾಸು! ಕ್ಲಿನಿಕ್ಕಿಗೆಲ್ಲ ತೋರಿಸಿಕೊಂಡು ಬಂದೆ. ನಾಲ್ಕನೇ ತಿಂಗಳು ಅಜ್ಜಿ ಕುಂಟುತ್ತಾ ಬಂದರು. ಶೂ ಬಿಚ್ಚಿಸಿದರೆ ಪಾದ ಕಪ್ಪಾಗಿತ್ತು. ಅಲ್ಲೇ ಬೆರಳು ಚುಚ್ಚಿ ನೋಡಿದೆವು. ನಾನೂರು ದಾಟಿತ್ತು.

"ಅಯ್ಯೋ ದೇವ್ರೇ! ಮತ್ತೆ ಪುಸ್ತಕದಲ್ಲಿರೋ ನಂಬರ್ ಯಾರದ್ದು?"

"ನಮ್ಮ ಮುದುಕನದ್ದು. ಅವನ ಬೆರಳು ಚುಚ್ಚಿದೆ. ಗಂಡ ಹೆಂಡತಿ ಒಂದೇ ದೇಹ ಅಂತ ಮದುವೇಲಿ ಪಾದ್ರಿ ಹೇಳಿರ್ಲಿಲ್ವಾ?"

೪. ತೂಕ

ನನಗೆ ಕೋಪ ನೆತ್ತಿಗೇರಿತು. "ಯಾಕಜ್ಜಿ ಹಿಂಗ್ ಮಾಡಿದ್ರಿ?"

ಅಜ್ಜಿ ನರ್ಸಮ್ಮನ ಕಡೆ ನೋಡಿದರು. ನರ್ಸಮ್ಮನೇ ತಲೆ ತಗ್ಗಿಸಿ ಹೇಳಿದಳು. ಇದ್ದ ಇಬ್ಬರು ಡಯಟೀಶಿಯನ್‌ಗಳಲ್ಲಿ ಒಬ್ಬರನ್ನು ತೆಗೀತಾರೆ, ಯಾರ ಪೇಷಂಟ್‌ಗಳ ಶುಗರ್ರು ತೂಕ ಇಳಿಯಲ್ವೋ ಅವರೇ ಮನೆಗೆ ಅಂತ ನರ್ಸಮ್ಮನೇ ಅಜ್ಜಿಯ ಹತ್ತಿರ ಅಂದುಬಿಟ್ಟಿದ್ದಳು. ನಮ್ಮೆಜಮಾನ್ರ ಕೆಲಸ ಹೋಗಿದ್ದನ್ನೂ ಹೇಳಿದ್ದಳು.

"ನಿನ್ನ ಗಂಡನೂ ಮನೇಲೇ ಕೂತಿದಾನಲ್ಲ ಮಗಳೇ," ಅಂದರು ಅಜ್ಜಿ.

ಆ ಪಾದ ಹಿಡಕೊಂಡು ಅತ್ತುಬಿಟ್ಟೆ. ಮೂರು ತಿಂಗಳು ಪುಸ್ತಕ ನೋಡಿ ಹಿಗ್ಗಿದವಳು ಒಂದು ಸಲ ಅವರ ಕಾಲು ನೋಡಬಾರದಿತ್ತಾ? ಇವತ್ತಿಗೂ ಅದು ನನ್ನನ್ನು ಬಿಟ್ಟಿಲ್ಲ.

ಆಸ್ಪತ್ರೆಯಲ್ಲಿ ಆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದರು. ಎರಡು ತಿಂಗಳ ಮೇಲೆ ಅಜ್ಜಿ ಗಾಲಿಕುರ್ಚಿಯಲ್ಲಿ ಬಂದರು. ಬಂದವರೇ, ಬೇಡ ಬೇಡ ಅಂದರೂ ಕೇಳದೆ, ಮುದುಕನ ಕೈ ಹಿಡಿದು ತೂಕದ ಮೆಷಿನ್ ಮೇಲೆ ಒಂಟಿ ಕಾಲಲ್ಲಿ ನಿಂತರು. ಮುಳ್ಳು ಎಲ್ಲಿಗೆ ಬಂತು ಅಂತ ಬಗ್ಗಿ ನೋಡಿದರು. ಅವರ ಮುಖ ಅರಳಿತು.

"ಹನ್ನೆರಡು ಪೌಂಡ್ ಇಳಿದಿದೀನಿ! ಬೇಗ ಬರ್ಕೋ ಮಗಳೇ. ಈ ಸಲ ಮುದುಕನದ್ದಲ್ಲ, ನಂದೇ."