ದುಡಿದವರಿಗೆ ಮಾಫಿ, ತಿಂದವರಿಗೆ ತೆರಿಗೆ

ತೆರಿಗೆ ಅಂದರೆ ಜನ ಅಳುವ ವಿಷಯ ಎಂದು ಈ ಕಸುಬಿಗೆ ಬರುವ ಮೊದಲು ನಾನೂ ತಿಳಿದಿದ್ದೆ. ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಒಂದು ಮಹಡಿ ಹಿಡಿದು, ಮಂದಿಯ ಆದಾಯ ತೆರಿಗೆ ರಿಟರ್ನ್ ತುಂಬಿಕೊಡಲು ಕುಳಿತ ಮೇಲೆ ಗೊತ್ತಾಯಿತು, ನಗದೆ ಬಾಗಿಲು ಹಾಕಿದ ದಿನವೇ ಅಪರೂಪ. ಒಬ್ಬರು ಹೋಗುವಷ್ಟರಲ್ಲಿ ಇನ್ನೊಬ್ಬರು ಬಂದು ನಗಿಸುತ್ತಾರೆ. ಈ ವರ್ಷ ಮಾತ್ರ ನಗಿಸುವವರು ನಮ್ಮ ಮನೆಯಿಂದಲೇ ಎದ್ದು ಬಂದರು.

೧. ಫೆಬ್ರವರಿ ವೈರಾಗ್ಯ

ನಮ್ಮ ಮನೆಯವರು ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಾರೆ. ಪ್ರೀತಿ ಬಂದಾಗ ನಾನು ಅವರನ್ನು ಮಾಸ್ತರ ಅನ್ನುತ್ತೇನೆ. ಸಿಟ್ಟು ಬಂದಾಗಲೂ ಹಾಗೇ ಅನ್ನುತ್ತೇನೆ, ವ್ಯತ್ಯಾಸ ಅವರಿಗೆ ಗೊತ್ತಾಗುತ್ತದೆ.

ಸರಕಾರಿ ನೌಕರರಿಗೆ ವರ್ಷದ ಬಾಕಿ ತೆರಿಗೆಯನ್ನೆಲ್ಲ ಫೆಬ್ರವರಿ ಸಂಬಳದಲ್ಲಿ ಹಿಡಿಯುತ್ತಾರೆ. ಆ ತಿಂಗಳು ಮಾಸ್ತರರಿಗೆ ವೈರಾಗ್ಯ ಹತ್ತುತ್ತದೆ. ಗಡ್ಡ ಬಿಡುತ್ತಾರೆ, ಫ್ಯಾನಿನ ಕಡೆ ನೋಡುತ್ತ ಮಲಗುತ್ತಾರೆ. ಈ ಸಲ ಮಲಗಿದವರು ದಿಢೀರನೆ ಎದ್ದು ಕುಳಿತರು.

"ದುಡಿಯಾವಂಗ ದಂಡ, ಕುಂತು ತಿನ್ನಾವಂಗ ಮಾಫಿ. ಇದ್ಯಾವ ನ್ಯಾಯ? ಆದಾಯ ತೆರಿಗಿನ ತಗದು ಒಗೀಬೇಕು. ದೇಶಕ್ಕೆಲ್ಲ ಖರ್ಚಿನ ಮ್ಯಾಲೆ ಒಂದ ತೆರಿಗಿ ಇಡಬೇಕು. ಎಷ್ಟು ತಿಂತಾನ ಅಷ್ಟು ಕೊಡ್ಲಿ."

"ಆದಾಯ ತೆರಿಗಿನ ಹೋದ್ರ ನನ್ನ ಆಫೀಸೇನು ಮಾಡ್ಲಿ?" ಎಂದೆ.

"ಅದೂ ಹೋಗ್ತದ. ಯುಗಾದಿಗೆ ಬಾಡಿಗಿ ಕರಾರು ಮುಗೀತದಲ್ಲ, ಮತ್ತ ಮಾಡಸಬ್ಯಾಡ."

ಗಂಜ್ ಮಾರುಕಟ್ಟೆಯಲ್ಲಿ ಜೀವಮಾನವಿಡೀ ಚೀಲ ಹೊತ್ತ ನಮ್ಮಪ್ಪ, ಆ ಆಫೀಸಿನ ಬೋರ್ಡಿನ ಮೇಲೆ ನನ್ನ ಹೆಸರು ನೋಡಿ ಅತ್ತಿದ್ದ. ಅದನ್ನು ಬಿಚ್ಚುವ ಮಾತು ನನಗೆ ಸಹಿಸಲಾಗಲಿಲ್ಲ. ಆದರೂ ಗಡ್ಡ ಬಿಟ್ಟ ಗಂಡನ ಜತೆ ವಾದ ಮಾಡಬಾರದು.

"ಹಂಗಾರ ಮಂದಿನ್ನ ಕೇಳೂಣು. ನಿಮ್ಮ ಪದ್ಧತಿ ಎಲ್ಲೆರ ಒಂದು ಕಡಿ ನಡದು ತೋರಿಸಿದ್ರ ಕರಾರು ಬ್ಯಾಡ. ನಡೀಲಿಲ್ಲಂದ್ರ ಹೊಸ ಕರಾರಿಗೆ ಸಾಕ್ಷಿ ಸಹಿ ನಿಮ್ದ," ಎಂದೆ.

ಮಾಸ್ತರರು ಆ ಖುಷಿಗೆ ಗಡ್ಡ ಬೋಳಿಸಿಕೊಂಡರು.

೨. ಮಾನ್ವಿಯ ಮಿರ್ಚಿ

ಮಾನ್ವಿಯ ಅಕ್ಕಿ ಗಿರಣಿಯ ಸಾವ್ಕಾರರೊಬ್ಬರ ಲೆಕ್ಕ ನಾನೇ ನೋಡುತ್ತೇನೆ. ರಜೆಯ ದಿನ ಮಾಸ್ತರರೂ ಬೆನ್ನು ಹತ್ತಿ ಬಂದರು. ಕೆಲಸ ಮುಗಿದ ಮೇಲೆ ಸಾವ್ಕಾರರು, ಅವರ ಮುನೀಮರು, ನಾವಿಬ್ಬರು ಒಗ್ಗರಣಿ ಮಂಡಕ್ಕಿ, ಮಿರ್ಚಿ ಭಜಿ ತಿನ್ನಲು ಹೋಟೆಲಿಗೆ ಹೋದೆವು. ಬಿಸಿ ಮಿರ್ಚಿ ಊದುತ್ತ ಮಾಸ್ತರರು ಪಾಠ ಶುರು ಮಾಡಿದರು.

ಸಾವ್ಕಾರರಿಗೆ ಕಣ್ಣಲ್ಲಿ ನೀರು ಬಂತು. ಅರ್ಧ ಮಿರ್ಚಿಗೆ, ಅರ್ಧ ಸಂತೋಷಕ್ಕೆ.

"ಗಳಿಸಿದ್ದಕ್ಕ ತೆರಿಗಿನ ಇಲ್ಲೇನ್ರಿ ಸರ? ನಿಮ್ಮ ಬಾಯಾಗ ಸಕ್ರಿ ಹಾಕ್ಬೇಕು!"

ನನ್ನ ಆಫೀಸು ಹೋಯಿತೆಂದೇ ಲೆಕ್ಕ ಹಾಕಿದೆ. ಅಷ್ಟರಲ್ಲಿ ಎಲ್ಲರೂ ಕೈ ತೊಳೆದು ಗಲ್ಲಾದ ಮುಂದೆ ಬಂದೆವು. ನಮ್ಮ ಕಡೆ ಹೋಟೆಲಿನ ಬಿಲ್ಲು ಕೊಡುವುದೆಂದರೆ ಸಣ್ಣ ಕುಸ್ತಿ. ಸಾವ್ಕಾರರು ಮುನೀಮರ ಕೈ ಹಿಡಿದರು, ಮುನೀಮರು ಮಾಸ್ತರರನ್ನು ಹಿಂದಕ್ಕೆ ತಳ್ಳಿದರು, ಮಾಸ್ತರರು ಸಾವ್ಕಾರರ ಕಿಸೆಯನ್ನೇ ಅದುಮಿ ಹಿಡಿದರು. "ನಿಮ್ಮ ಕಾಲಿಗೆ ಬೀಳ್ತೀನಿ, ಇವತ್ತು ನಾ ಕೊಡ್ತೀನಿ" ಎಂಬ ಮಾತು ಮೂವರ ಬಾಯಲ್ಲೂ ಇತ್ತು.

ಗಲ್ಲಾದ ಮೇಲೆ ಕುಳಿತ ಹೋಟೆಲಿನವರು ಪಾಠವನ್ನೆಲ್ಲ ಕೇಳಿಸಿಕೊಂಡಿದ್ದರು. "ಸರ, ಒಂದು ಮಾತು. ನೀವು ಹೇಳಿದ ತೆರಿಗಿ ಬಂದ್ರ, ತಿಂದಾವರು ನಾಕು ಮಂದಿ, ರೊಕ್ಕ ಕೊಡಾವರು ಒಬ್ರು. ತೆರಿಗಿ ಯಾರ ತಲಿ ಮ್ಯಾಲೆ?"

"ಬಿಲ್ಲು ಯಾರು ಕೊಡ್ತಾರ ಅವರ ತಲಿ ಮ್ಯಾಲೆ. ನಾಕೂ ಮಂದೀದು," ಎಂದರು ಮಾಸ್ತರರು, ತರಗತಿಯಲ್ಲಿ ಹೇಳಿದ ಹಾಗೆ.

ಕುಸ್ತಿ ನಿಂತುಬಿಟ್ಟಿತು. ಸಾವ್ಕಾರರಿಗೆ ಫೋನು ಬಂತು, ಅದು ರಿಂಗಾದದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಮುನೀಮರು ಇನ್ನೊಮ್ಮೆ ಕೈ ತೊಳೆಯಲು ಹೋದರು. ಮಾಸ್ತರರ ಕೈ ಮಾತ್ರ ಖಾಲಿ ಗಾಳಿಯಲ್ಲಿ ಉಳಿಯಿತು. ಬಿಲ್ಲು ಅವರೇ ಕೊಟ್ಟರು, ಜತೆಗೆ ಸಾವ್ಕಾರರು ಮನೆಗೆ ಕಟ್ಟಿಸಿಕೊಂಡ ಮಿರ್ಚಿಯದೂ.

೩. ದೇವದುರ್ಗದ ಅಜ್ಜಿ

ಮುಂದಿನ ಭಾನುವಾರ ದೇವದುರ್ಗದಿಂದ ನರ್ಸ್ ಒಬ್ಬಳು ನೋಟೀಸು ಹಿಡಿದುಕೊಂಡು ಆಫೀಸಿಗೆ ಬಂದಳು. ಜತೆಗೆ ಅವಳ ತಾಯಿ, ಹಣ್ಣು ಹಣ್ಣು ಅಜ್ಜಿ, ರಾಯಚೂರು ನೋಡಿ ಬಹಳ ದಿನವಾಯಿತೆಂದು ಬಂದಿದ್ದಳು. ಮಗಳ ಕಾಗದ ನಾನು ನೋಡುತ್ತಿದ್ದರೆ ಅಜ್ಜಿ ಮಾಸ್ತರರ ಕೈಗೆ ಸಿಕ್ಕಳು. ಸಿಕ್ಕವರು ಮಾಸ್ತರರೇ ಎಂದು ಆಮೇಲೆ ಗೊತ್ತಾಯಿತು.

"ಯವ್ವಾ, ಹೊಸ ಪದ್ಧತಿಯಾಗ ಎಲ್ಲಾರೂ ಖರ್ಚಿನ ಮ್ಯಾಲೆ ತೆರಿಗಿ ಕೊಡಬೇಕಾಗ್ತದ. ನೀನೂ ಕೊಡಬೇಕು."

"ಕೊಡೂಣ ಬಿಡಪಾ. ಯಾತರದು?"

"ನೀ ಕೊಂಡು ತಿಂತಿಯಲ್ಲ, ಅದರದು. ಜೋಳ ಎಲ್ಲಿ ಕೊಂತಿ?"

"ಜ್ವಾಳ ಕೊಂಬೋದೇನು? ಹೊಲದಾಗ ಬೆಳೀತೀವಿ."

"ಬ್ಯಾಳಿ?"

"ಅದೂ ಹೊಲದಾಗ."

"ಹಾಲು?"

"ಎಮ್ಮಿ ಅದ."

"ಸೀರಿ?"

"ಹಬ್ಬಕ್ಕ ಮಗಳು ತರ್ತಾಳ."

ಮಾಸ್ತರರು ಬೆವರು ಒರೆಸಿಕೊಂಡರು. "ಇಲ್ಲಿಗೆ ಹೆಂಗ ಬಂದಿ? ಬಸ್ಸಿಗಾದ್ರೂ ಕೊಟ್ಟಿರಬೇಕಲ್ಲ?"

"ಹೆಣಮಕ್ಕಳಿಗೆ ಬಸ್ ಫ್ರೀ ಅದನಲಪಾ. ಇಷ್ಟು ಓದೀದಿ, ಅದು ಗೊತ್ತಿಲ್ಲೇನು?"

ಮಾಸ್ತರರ ಕಣ್ಣು ಕೊನೆಗೆ ಅಜ್ಜಿಯ ಕೆಂಪು ಬಾಯಿಯ ಮೇಲೆ ನಿಂತಿತು. ಕಳ್ಳ ಸಿಕ್ಕ ಖುಷಿ ಅವರಿಗೆ. "ಎಲಿ ಅಡಕಿ! ಅದು ಹೊಲದಾಗ ಬೆಳೆಯಂಗಿಲ್ಲ. ಅದನ್ನಂತೂ ಕೊಂತಿ!"

"ಅದನ್ನ ಯಾರರ ಕೊಡ್ತಾರ," ಎಂದು ಅಜ್ಜಿ ಕೈ ಮುಂದೆ ಚಾಚಿದಳು. "ನಿನ್ನ ಕಡಿ ಅದ ಏನು?"

ದೇಶಕ್ಕೆ ತೆರಿಗೆ ವಸೂಲಿ ಮಾಡಲು ಕುಳಿತ ಮಾಸ್ತರರು, ಮೆಟ್ಟಿಲಿಳಿದು ಹೋಗಿ ಅಜ್ಜಿಗೆ ಎಲೆ ಅಡಿಕೆ ತಂದುಕೊಟ್ಟರು.

೪. ಅತ್ತೆಯ ಸರಕಾರ

"ಹೊರಗಿನ ಮಂದಿಗೆ ತಿಳಿಯಂಗಿಲ್ಲ. ಮನ್ಯಾಗ ನಡಸಿ ತೋರಸ್ತೀನಿ," ಎಂದರು ಮಾಸ್ತರರು. ಯುಗಾದಿ ಹತ್ತಿರ ಬರುತ್ತಿತ್ತು.

ನಮ್ಮ ಮನೆಯ ಸರಕಾರ ಅಂದರೆ ನಮ್ಮತ್ತೆ. ಮಾಸ್ತರರ ಸಂಬಳ ಬಂದ ದಿನ ನಾವಿಬ್ಬರೂ ಅವರ ಕೈಗೆ ಗಳಿಕೆಯ ಒಂದು ಪಾಲು ಕೊಡುವುದು ಮೊದಲಿನಿಂದ ಬಂದ ಪದ್ಧತಿ. ಮಾಸ್ತರರು ಅದನ್ನು ರದ್ದು ಮಾಡಿಸಿದರು. ಇನ್ನು ಮೇಲೆ ಚಾ ಕುಡಿದವರು, ಭಜಿ ತಿಂದವರು, ಕೂಲರ್ ಹಚ್ಚಿದವರು ಅಲ್ಲಿಂದಲ್ಲೇ ಅತ್ತೆಯ ಡಬ್ಬಿಗೆ ರೊಕ್ಕ ಹಾಕಬೇಕು.

ಅತ್ತೆ ಶಾಂತವಾಗಿ ಕೇಳಿದರು. "ರೊಟ್ಟಿ, ಬ್ಯಾಳಿಗೆ ತೆರಿಗಿ ಹಾಕಂಗಿಲ್ಲ, ಪಾಪ ಹತ್ತತದ. ಮನಿಗೆ ಬಂದ ಬೀಗರು, ನೆಂಟರಿಗೂ ಇಲ್ಲ. ಬಂದಾವರ ಹತ್ರ ಚಾದ ರೊಕ್ಕ ಇಸಗೊಂಡ್ರ ಓಣ್ಯಾಗ ಮಾರಿ ತೋರಸಂಗಿಲ್ಲ. ಉಳಿದಿದ್ದಕ್ಕ ಹಾಕ್ತೀನಿ."

ಮೊದಲ ವಾರ ಮಾಸ್ತರರು ಗೆದ್ದರು. ಪಾಲು ಕೊಡುವುದು ತಪ್ಪಿತ್ತು, ಕಿಸೆ ತುಂಬಿತ್ತು. ಆದರೆ ಕಿಸೆ ತುಂಬಿದವರು ಖರ್ಚು ಮಾಡಬೇಕಲ್ಲ! ಅವರು ಚಾ ಕಾಲೇಜಿನಲ್ಲಿ ಕುಡಿದು ಬರತೊಡಗಿದರು. ಸೆಕೆಗೆ ಪಕ್ಕದ ಮನೆಯ ಕೂಲರಿನ ಮುಂದೆ ಹೋಗಿ ಕುಳಿತು, ಯಾರೂ ಕೇಳದಿದ್ದರೂ ಅವರ ಮಕ್ಕಳಿಗೆ ಪಾಠ ಹೇಳಿದರು. ನಾನೂ ಕಮ್ಮಿಯವಳಲ್ಲ, ಮಧ್ಯಾಹ್ನದ ಭಜಿ ಆಫೀಸಿನಲ್ಲೇ ಮುಗಿಸಿಕೊಂಡು ಬಂದೆ. ಡಬ್ಬಿ ಅಲ್ಲಾಡಿಸಿದರೆ ಸಪ್ಪಳವೇ ಬರಲಿಲ್ಲ.

ಒಂದು ಬೆಳಿಗ್ಗೆ ಒಲೆ ಹೊತ್ತಲಿಲ್ಲ. ಅತ್ತೆ ಕಟ್ಟೆಯ ಮೇಲೆ ಆರಾಮಾಗಿ ಕುಳಿತಿದ್ದರು.

"ಯವ್ವಾ, ನಾಷ್ಟಾ?"

"ಗ್ಯಾಸ್ ಮುಗದದ. ತರಸಾಕ ಸರಕಾರದಾಗ ರೊಕ್ಕ ಇಲ್ಲ."

"ರೊಟ್ಟಿಗೆ ತೆರಿಗಿ ಇಲ್ಲಂದಿದ್ದಿ?"

"ತೆರಿಗಿ ಇಲ್ಲಪಾ. ರೊಟ್ಟೀನೂ ಇಲ್ಲ."

ಮಾಸ್ತರರು ಹಸಿದ ಹೊಟ್ಟೆಯಲ್ಲಿ ಸೋಲು ಒಪ್ಪಿಕೊಂಡರು. "ಆತು ಯವ್ವಾ, ಮೊದಲಿನಂಗ ಸಂಬಳದಾಗಿನ ಪಾಲು ಕೊಡ್ತೀನಿ. ಒಲಿ ಹಚ್ಚು."

"ಕೊಡು," ಎಂದು ಅತ್ತೆ ಎದ್ದರು. ಅಂದೇ ಗ್ಯಾಸು ಬಂತು, ಸಂಜೆಗೆ ಮಿರ್ಚಿಯೂ ಆಯಿತು. ಮಾಸ್ತರರು ಒಂದು ಮಿರ್ಚಿಗೆ ಕೈ ಹಾಕಿದರು. ಅತ್ತೆ ಡಬ್ಬಿ ಮುಂದೆ ಸರಿಸಿದರು.

"ಪಾಲು ಕೊಟ್ಟೀನಲ್ಲ ಯವ್ವಾ! ಇದನ್ನ ತಗದಿಲ್ಲೇನು?"

"ಬಂದಿದ್ದನ್ನ ಯಾಕ ತಗೀಲಿ? ಅದೂ ಇರ್ಲಿ, ಇದೂ ಇರ್ಲಿ."

ಎಷ್ಟೋ ವರ್ಷ ಅರ್ಥಶಾಸ್ತ್ರ ಕಲಿಸಿದ ಮಾಸ್ತರರು ಕಿಸೆಯಿಂದ ರೊಕ್ಕ ತೆಗೆದು ಡಬ್ಬಿಗೆ ಹಾಕಿದರು.

೫. ಸಾಕ್ಷಿ ಸಹಿ

ಯುಗಾದಿಗೆ ಮುಂಚೆ ಒಂದು ದಿನ ಆಫೀಸಿನಲ್ಲಿ ತಲೆ ಎತ್ತಿ ನೋಡಿದರೆ, ಬಂದವರು ಕಾಯುವ ಬೆಂಚಿನ ಮೇಲೆ ಮಾಸ್ತರರು ಕುಳಿತಿದ್ದಾರೆ. ಸಿರವಾರದ ಒಬ್ಬ ವ್ಯಾಪಾರಿಯ ಹಿಂದೆ ಪಾಳಿ ಹಚ್ಚಿದ್ದಾರೆ. ಪಾಳಿ ಬಂದ ಮೇಲೆ ಎದುರಿನ ಕುರ್ಚಿಗೆ ಬಂದು ದನಿ ಇಳಿಸಿದರು.

"ಸಂಬಳಕ್ಕೂ ಕೊಡಾಕತ್ತೀನಿ, ಚಾಕ್ಕೂ ಕೊಡಾಕತ್ತೀನಿ. ಇದರಾಗ ಏನರ ವಿನಾಯಿತಿ ಅದ ಏನು?"

ಆ ಕ್ಷಣ ನನಗಾದ ಸಂತೋಷವನ್ನು ಮುಚ್ಚಿಟ್ಟುಕೊಳ್ಳುವುದು ಬಹಳ ಕಷ್ಟವಾಯಿತು. ಖಾನೆಯಿಂದ ಬಾಡಿಗೆ ಕರಾರಿನ ಕಾಗದ ತೆಗೆದು ಮುಂದಿಟ್ಟೆ.

"ಮೊದಲು ಸಾಕ್ಷಿ ಸಹಿ ಹಾಕ್ರಿ. ಆಮ್ಯಾಲೆ ಹೇಳ್ತೀನಿ."

ನನ್ನ ಪೆನ್ನನ್ನೇ ಇಸಿದುಕೊಂಡು ಹಾಕಿದರು. ಸಹಿಯ ಮಸಿ ಆರಿದ ಮೇಲೆ ಹೇಳಿದೆ: "ನಿಮ್ಮವ್ವನ ಕಾನೂನಿನಾಗ ಒಂದ ವಿನಾಯಿತಿ ಅದ. ಮನಿಗೆ ಬಂದ ಬೀಗರಿಗೆ ತೆರಿಗಿ ಇಲ್ಲ."

ಸುಮ್ಮನೆ ತಮಾಷೆಗೆ ಅಂದಿದ್ದೆ. ಸಂಜೆ ನಾನು ಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದಾಗ ಬಾಗಿಲು ಬಡಿದ ಸಪ್ಪಳವಾಯಿತು. ಅತ್ತೆ ತೆರೆದರು. ಹೊಸ್ತಿಲ ಆಚೆ ಮಾಸ್ತರರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಬಾಳೆಹಣ್ಣು ಹಿಡಿದು ನಿಂತಿದ್ದರು.

"ಆರಾಮ ಇದ್ದೀರೇನ್ರಿ ಯವ್ವಾ? ಹಿಂಗ ಈ ಕಡಿ ಬಂದಿದ್ದೆ, ನೋಡ್ಕೊಂಡು ಹೋಗೂಣಂತ..."

ಅತ್ತೆ ಮೇಲಿಂದ ಕೆಳಗೆ ಒಮ್ಮೆ ನೋಡಿದರು. ಬಾಳೆಹಣ್ಣು ಇಸಿದುಕೊಂಡರು. "ಬರ್ರಿ ಬರ್ರಿ, ಕಾಲಿಗೆ ನೀರು ತಗೋರಿ," ಎಂದು ಚಾಪೆ ಹಾಸಿ ಕೂಡಿಸಿದರು. ಏಲಕ್ಕಿ ಚಾ, ಬಿಸಿ ಬಿಸಿ ಮಿರ್ಚಿ ಬಂದವು. ಡಬ್ಬಿ ಬರಲಿಲ್ಲ. ಮಾಸ್ತರರು ಗೆದ್ದೆನೆಂದು ನನ್ನ ಕಡೆ ಕಣ್ಣು ಹೊಡೆದು, ಕೊನೆಯ ಗುಟುಕು ಕುಡಿದು, ಒರಗಿಕೊಳ್ಳಲು ದಿಂಬು ಎಳೆದುಕೊಂಡರು.

ಅತ್ತೆ ಖಾಲಿ ಕಪ್ಪು ಎತ್ತಿಕೊಂಡು, ಅವರ ಚಪ್ಪಲಿಯನ್ನು ಕಾಲಿನಿಂದ ಬಾಗಿಲ ಕಡೆಗೆ ತಿರುಗಿಸಿಟ್ಟರು.

"ಬಂದಿದ್ದು ಬಾಳ ಸಂತೋಷ ಆತ್ರಿ. ಲಗೂನ ಏಳ್ರಿ, ಕತ್ತಲಾದ್ರ ನಿಮ್ಮೂರಿಗೆ ಬಸ್ಸಿಲ್ಲ."