ಮೂರು ಲೈನಿನ ಮನೆ

ನಮ್ಮ ಮನೆಗೆ ದೇವರು ಕಷ್ಟ ಕೊಟ್ಟದ್ದು ಕಡಿಮೆ, ಅನುಮಾನ ಕೊಟ್ಟದ್ದು ಧಾರಾಳ. ಹೊಸ ವಸ್ತು ಏನೇ ಬರಲಿ, ಅದು ಅಂಗಳ ದಾಟುವ ಮೊದಲೇ ಅದರ ಮೇಲಿನ ಅನುಮಾನ ಊರೆಲ್ಲ ಸುತ್ತಿ ಬಂದಿರುತ್ತದೆ.

ಸಾಸ್ತಾನದ ಹತ್ತಿರ ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ. ನನ್ನ ಮಗಳು ಮನೆಯಲ್ಲೇ ಕೂತು ಮದುವೆ ವಿಡಿಯೊ ಎಡಿಟ್ ಮಾಡಿ ಮುಂಬಯಿಯ ಸ್ಟುಡಿಯೊಕ್ಕೆ ಕಳಿಸುತ್ತಿದ್ದಳು. ಜೆಸಿಬಿ ಮಣ್ಣು ಮುಟ್ಟಿದರೆ ಸಾಕು, ನಮ್ಮ ಇಂಟರ್‌ನೆಟ್ ಹೋಗುತ್ತಿತ್ತು. ಕಡೆಗೆ ಅವಳು ಫೋನಿನವರದ್ದೊಂದು, ಕೇಬಲ್‌ನವರದ್ದೊಂದು, ತಾರಸಿಯ ಆಂಟೆನಾದ್ದೊಂದು, ಹೀಗೆ ಮೂರು ಲೈನ್ ತಂದು ಒಂದೇ ಪೆಟ್ಟಿಗೆಗೆ ಸಿಕ್ಕಿಸಿದಳು. “ಮೂರೂ ಸೇರಿ ಎಳಿತೊ ಅಪ್ಪಯ್ಯ. ಒಂದ್ ಹೋರೆ ಉಳ್ದದ್ದ್ ನಡೆಸ್ತೊ” ಅಂದಳು.

ಅದೇ ಹೊತ್ತಿಗೆ ಬೈಂದೂರಿನಿಂದ ಅವಳಿಗೊಂದು ಸಂಬಂಧ ಬಂದಿತ್ತು. ಹುಡುಗನದ್ದು ಔಷಧಿ ಅಂಗಡಿ. ಅವನಿಗೂ ಇವಳಿಗೂ ಒಪ್ಪಿಗೆ. ಹುಡುಗನ ತಂದೆಯ ಮಾತೊಂದು ಬಾಕಿ.

ಕೇಬಲ್‌ನವನ ಅನುಮಾನ

ಕೇಬಲ್‌ನವನು ಬಂದವನೇ ಗೋಡೆಯ ಮೇಲೆ ಬೇರೆಯವರ ವಯರು ಕಂಡು ಮುಖ ಗಂಟು ಹಾಕಿದ.

“ಹ್ವಾಯ್, ಒಂದ್ ಮನಿಗ್ ಇಷ್ಟೆಲ್ಲ ಎಂತಕೆ? ಆಚೀಚಿ ಮನಿಗ್ ಕೊಡ್ತ್ರ್ಯಾ?”

“ದೇವ್ರಾಣೆ ಇಲ್ಲ ಮಾರಾಯ” ಅಂದೆ. ನಾನು ಸುಮ್ಮನೆ ಆಣೆ ಹಾಕುವವನಲ್ಲ. ಅವನು ನಂಬುವವನೂ ಅಲ್ಲ. ಮನೆ ಸುತ್ತ ಹೋಗಿ ಹುಡುಕಿದ. ಹಿತ್ತಲ ಕಿಟಕಿಯಿಂದ ಹೊರಗೆ ಹೋಗುವ ವಯರೊಂದು ಸಿಕ್ಕಿತು. ಕಳ್ಳ ಸಿಕ್ಕಿದ ಹಾಗೆ ಅದನ್ನೇ ಹಿಡಿದುಕೊಂಡು ಬಾವಿ ಬಳಸಿ, ಬಟ್ಟೆಯ ಹಗ್ಗ ದಾಟಿ ನಡೆದ. ಅದು ಹೋಗಿ ನಿಂತದ್ದು ತುಳಸಿಕಟ್ಟೆಯ ಪುಟ್ಟ ಬಲ್ಬಿನ ಹತ್ತಿರ.

ಆಗಲೂ ಅವನ ಅನುಮಾನ ಪೂರ್ತಿ ಹೋಗಲಿಲ್ಲ. “ತುಳ್ಸಮ್ಮಂಗೂ ಕನೆಕ್ಷನ್ ಕೊಟ್ಟಿರಿ ಅಂದಾಯ್ತ್!”

ನನ್ನ ಅನುಮಾನ

ನಾನೇನು ಬಿಟ್ಟವನಲ್ಲ. ಪೆಟ್ಟಿಗೆಯೊಳಗೆ ಹೋಗುವ ವಯರು ಮೂರು, ಮಗಳ ಕಂಪ್ಯೂಟರಿಗೆ ಬರುವುದು ಒಂದೇ. ಉಳಿದೆರಡು ಎಲ್ಲಿಗೆ ಹೋಯಿತು? ಪೆಟ್ಟಿಗೆ ಮಾರಿದವನು ಹುಡುಗಿ ಎಂದು ಟೋಪಿ ಹಾಕಿರಬೇಕು.

ಸ್ನಾನ, ಪೂಜೆ ಮುಗಿಸಿ, ಪೆಟ್ಟಿಗೆಗೂ ಒಂದು ಹೂವಿಟ್ಟು, ದೇವರನ್ನು ನೆನೆದು ಒಂದು ವಯರು ತೆಗೆದೆ. ಏನೂ ಆಗಲಿಲ್ಲ. ಮಗಳು ಒಳಗೆ ಕೆಲಸ ಮಾಡುತ್ತಲೇ ಇದ್ದಳು. ಎರಡನೆಯದು ತೆಗೆದೆ. ಆಗಲೂ ಇಲ್ಲ. ನೋಡಿ, ಎರಡು ಲೈನು ದಂಡಕ್ಕೆ! ಮೂರನೆಯದು ತೆಗೆದದ್ದೇ ತಡ, “ಅಪ್ಪಯ್ಯಾ!” ಎಂದು ಒಳಗಿನಿಂದ ಕೂಗು.

ನಾನು ವಯರನ್ನು ಎತ್ತಿ ಹಿಡಿದು ಹೇಳಿದೆ: “ಹೆಣ್ಣೆ, ಈ ಮೂರರಲ್ ಪ್ರಾಮಾಣಿಕ ಅಂದ್ರೆ ಇದೊಂದೇ ಕಾಣ್!”

ಬೀದಿಯ ಅನುಮಾನ

ನಮ್ಮದು ಕೂಡು ಮನೆ. ನಾನು, ತಮ್ಮ, ಇಬ್ಬರ ಸಂಸಾರ. ನಮ್ಮ ಕಡೆ ಅಣ್ಣ ತಮ್ಮ ಬೇರೆಯಾದರೆ ಮೊದಲು ಒಲೆ ಬೇರೆ, ಆಮೇಲೆ ಕರೆಂಟಿನ ಮೀಟರ್ ಬೇರೆ. ಈಗ ಇಂಟರ್‌ನೆಟ್ಟೂ ಆ ಸಾಲಿಗೆ ಸೇರಿತ್ತೆಂದು ನನಗೆ ತಿಳಿದದ್ದು ದಿನಸಿ ಅಂಗಡಿಯಲ್ಲಿ.

“ಪಾಲಾಯ್ತಂಬ್ರಲೆ ನಿಮ್ಮನಿಯಲ್?” ಅಂಗಡಿಯವನು ಬೆಲ್ಲ ಕಟ್ಟುತ್ತಾ ಕೇಳಿದ.

“ಯಾರ್ ಹೇಳದ್ದ್?”

“ಹೇಳುದೆಂತ? ನಿಮ್ಗೊಂದ್, ತಮ್ಮಂಗೊಂದ್ ಲೈನ್ ಬಂದದ್ದ್ ಕಾಂತಿಲ್ಯಾ?”

“ಮತ್ತೆ ಮೂರ್ನೇದ್?”

“ಅದ್ ಕೋರ್ಟಿಗ್ ಹೋಯ್ತಾ ಇತ್ತೇನೊ!”

ನಗುವ ಮಾತಲ್ಲ. ಆ ಸುದ್ದಿ ಬಸ್ಸು ಹತ್ತಿ ಬೈಂದೂರು ಮುಟ್ಟಿತ್ತು. ಸಂಬಂಧ ತಂದವರು ಫೋನ್ ಮಾಡಿ, “ಒಡೆದ ಮನೆಯ ಹೆಣ್ಣು ಬೇಡ ಅಂತಿದ್ದಾರೆ” ಅಂದರು. ಮಗಳು ಊಟ ಬಿಟ್ಟು ಕೂತಳು. ನಾನು ಗಣಪತಿಗೆ ಮುಡಿಪು ಕಟ್ಟಿಟ್ಟೆ.

ಬೀಗರ ಅನುಮಾನ

ಮುಡಿಪು ಕಟ್ಟಿದ ವಾರದಲ್ಲೇ ಹುಡುಗನ ತಂದೆ ಹೇಳದೆ ಕೇಳದೆ ಬಂದರು. ಬ್ರಹ್ಮಾವರಕ್ಕೆ ಹೊರಟವರು ದಾರಿಯಲ್ಲಿ ಹಾಗೇ ಇಲ್ಲಿ ಇಳಿದರಂತೆ. ಚಾವಡಿಯಲ್ಲಿ ಬೆಲ್ಲ ನೀರು ಕೊಟ್ಟರೆ ಮುಟ್ಟಲಿಲ್ಲ. “ಕೈ ತೊಳುಕಿತ್ತ್” ಎಂದು ಎದ್ದು, ಬಚ್ಚಲು ಬಲಕ್ಕಿದ್ದರೂ ಎಡಕ್ಕೆ ತಿರುಗಿ ಸೀದಾ ಅಡುಗೆಮನೆಗೆ ನುಗ್ಗಿದರು.

ಒಳಗೆ ಒಂದೇ ಒಲೆ, ಒಂದೇ ಕಾವಲಿ. ಅದರ ಎದುರು ನನ್ನ ಹೆಂಡತಿಯೂ ತಮ್ಮನ ಹೆಂಡತಿಯೂ ನೀರುದೋಸೆಗೆ ಉಪ್ಪು ಹಾಕಿದೆಯೋ ಇಲ್ಲವೋ ಎಂದು ಜೋರಾಗಿ ವಾದ ಮಾಡುತ್ತಿದ್ದರು. ಬೇರೆಯಾದವರು ಇಷ್ಟು ಸಲಿಗೆಯಲ್ಲಿ ಜಗಳ ಆಡುವುದುಂಟೇ? ಅವರ ಮುಖ ಸ್ವಲ್ಪ ಸಡಿಲವಾಯಿತು.

ಮಗಳು ಕರೆದುಕೊಂಡು ಹೋಗಿ ಪೆಟ್ಟಿಗೆ ತೋರಿಸಿದಳು. ಅವರು ಒಂದೊಂದೇ ವಯರನ್ನು ಬೆರಳಲ್ಲಿ ಹಿಡಿದು, ತುದಿ ಮುಟ್ಟುವ ತನಕ ನೋಡಿದರು.

“ಬೇರೆ ಬೇರೆ ಕಡಿಯಿಂದ ಬಂದದ್ದ್, ಒಂದಕ್ಕೊಂದ್ ಆತಿಲ್ಲ ಅಂತಿಲ್ಯಾ?”

“ಇಲ್ಲ. ಪೆಟ್ಗಿ ಒಳ್ಗೆ ಬಂದ್ ಮೇಲೆ ಎಲ್ಲ ಒಂದೇ” ಅಂದಳು ಮಗಳು.

ಅವರು ಪೆಟ್ಟಿಗೆಯನ್ನೊಮ್ಮೆ ಸವರಿದರು. ಆಮೇಲೆ ನನ್ನ ಕೈ ಹಿಡಿದು ಮೂಲೆಗೆ ಕರೆದೊಯ್ದು, ಸ್ವರ ತಗ್ಗಿಸಿ ಹೇಳಿದರು:

“ಹೆಣ್ಣ್ ಒಪ್ಗಿ ಭಾವಯ್ಯ. ನಾವ್ ಅಣ್ಣ ತಮ್ಮಂದಿರ್ ಮೂರ್ ಜನ. ನಮ್ಮನಿಯಲ್ ಲೈನ್ ಒಂದೇ, ಒಲಿ ಮೂರ್. ಹುಡ್ಗಿ ಬಪ್ಪ ಹೊತ್ತಿಗೆ ಆ ಪೆಟ್ಗಿಯನ್ನೂ ಒಟ್ಟಿಗೆ ಕಳ್ಸಿ!”