ಬೀಳಗಿಗೆ ಹೊರಟ ಗಾಲಿಮನೆ

ಆ ದಿನ ಬೆಳಿಗ್ಗೆ ರಬಕವಿಯ ನೇಕಾರರ ಓಣಿಯಲ್ಲಿ, ಅಕ್ಕನ ಮನೆಯ ಮುಂದೆ ನಾವು ಮೂವರು ನಿಂತಿದ್ದೆವು. ನಾನು, ನನ್ನ ಅಕ್ಕ ಗೌರವ್ವ, ಅವಳ ಗಂಡ ಈರಪ್ಪ, ಅಂದರೆ ನಮ್ಮ ಮಾಮಾ. ಎದುರಿಗೆ ಒಂದು ಹಳೆಯ ಮೆಟಡೋರ್ ವ್ಯಾನು ನಿಂತಿತ್ತು. ನಿಂತಿತ್ತು ಅನ್ನುವುದು ಅದರ ವಯಸ್ಸಿಗೆ ಕೊಡುವ ಮರ್ಯಾದೆ ಅಷ್ಟೇ. ಉಂಡು ಹೆಚ್ಚಾದ ಬೀಗರ ಹಾಗೆ ಎಡಕ್ಕೆ ವಾಲಿಕೊಂಡು ಒರಗಲು ಗೋಡೆ ಹುಡುಕುತ್ತಿತ್ತು. ಮಾಮಾ ಅದರ ಬೆನ್ನು ತಟ್ಟಿ, "ಹೆಂಗೈತಿ ಅಳ್ಯಾ ನಮ್ಮ ಗಾಲಿಮನಿ?" ಅಂದರು. ಕೈಚಳಕದ ಗಂಡಸು ಒಬ್ಬನಿರುವ ಮನೆಯಲ್ಲಿ ಯಾವ ವಸ್ತುವೂ ತನ್ನ ಪಾಡಿಗೆ ತಾನು ಇರುವುದಿಲ್ಲ ಎಂಬುದು ನಾನು ಬಹಳ ವರ್ಷಗಳಿಂದ ಕಂಡುಕೊಂಡ ಸತ್ಯ. ಆ ಮನೆಯಲ್ಲಿ ಮಿಕ್ಸರಿಗೆ ಮಗ್ಗದ ಪಟ್ಟಿ ಬರುತ್ತದೆ, ಮಗ್ಗಕ್ಕೆ ಸೈಕಲ್ಲಿನ ಚೈನು ಬರುತ್ತದೆ, ಸೈಕಲ್ಲು ಮಾತ್ರ ಅಟ್ಟದ ಮೇಲೆ ಹೋಗಿ ಕೂರುತ್ತದೆ. ಇಂಥವರನ್ನು ಜನ ಹೊಗಳುತ್ತಾರೆ. ಹೊಗಳುವವರು ಅವರ ಮನೆಯಲ್ಲಿ ಒಂದು ವಾರ ಇದ್ದು ಬರಬೇಕು.

ಈ ವ್ಯಾನು ಒಂದು ಕಾಲಕ್ಕೆ ಸೀರೆಯ ಗಂಟು ಹೊತ್ತಿದ್ದು, ಆಮೇಲೆ ಶಾಲೆಯ ಹುಡುಗರನ್ನು ಹೊತ್ತಿದ್ದು, ಕೊನೆಗೆ ಯಾರದೋ ಹೊಲದಲ್ಲಿ ಕೋಳಿಗಳಿಗೆ ವಸತಿ ಕೊಟ್ಟುಕೊಂಡು ವಾನಪ್ರಸ್ಥದಲ್ಲಿ ಇದ್ದದ್ದು. ಪರದೇಶದವರು ಇಂಥ ಗಾಡಿಯೊಳಗೆ ಒಲೆ, ಹಾಸಿಗೆ ಹೂಡಿ ಸಂಸಾರ ಮಾಡುವುದನ್ನು ಮಾಮಾ ಮೊಬೈಲಿನಲ್ಲಿ ನೋಡಿದರು. ಮರುದಿನವೇ ಕೋಳಿಗಳು ಬೇರೆ ಮನೆ ಹುಡುಕಿಕೊಳ್ಳಬೇಕಾಯಿತು. ಆ ಪರದೇಶದವರು ಸಮುದ್ರ, ಹಿಮದ ಗುಡ್ಡ, ಕಾಡು ಅಂತ ತಿರುಗುವವರು. ನಮ್ಮ ಮಾಮಾ ಈ ಸರಂಜಾಮೆಲ್ಲ ಹೂಡಿದ್ದು ರಬಕವಿಯಿಂದ ಬೀಳಗಿಗೆ ಹೋಗುವುದಕ್ಕೆ. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆದು ಎದ್ದರೆ ಬರುವ ಊರು.

ಆದರೆ ಆ ಒಂದು ನಿದ್ದೆಯ ದಾರಿಯೇ ಅಕ್ಕನಿಗೆ ದೊಡ್ಡದಾಗಿತ್ತು. ಅವಳಿಗೆ ಸಕ್ಕರೆ ಕಾಯಿಲೆ. ಗಳಿಗೆಗೊಮ್ಮೆ ಒಂದಕ್ಕೆ ಹೋಗಬೇಕು. ಬಸ್ಸು ನಡುವೆ ನಿಲ್ಲುವುದಿಲ್ಲ, ನಿಂತರೂ ಗಂಡಸರಿಗೆ ಇಡೀ ರಸ್ತೆಯೇ ಇದೆ, ಹೆಂಗಸರಿಗೆ ಒಂದು ಮರೆಯೂ ಇಲ್ಲ. ಹೀಗಾಗಿ ಅವಳು ಯಾವ ಮದುವೆ, ಮುಂಜಿವೆಗೂ ಹೋಗುವುದನ್ನು ಬಿಟ್ಟಿದ್ದಳು. ನನ್ನ ಮಗಳ ಮದುವೆ ಬೀಳಗಿಯಲ್ಲೇ ಆಯಿತು, ಅದಕ್ಕೂ ಬರಲಿಲ್ಲ. ಬಂದ ಬೀಗರೆಲ್ಲ "ಸೋದರತ್ತಿ ಎಲ್ಲಿ ಅದಾರ?" ಅಂತ ಕೇಳುವುದು, ನಾನು "ಮೈಯಾಗ ಹುಷಾರಿಲ್ರಿ" ಅನ್ನುವುದು, ಅವರು ಏನೋ ಮಾನಪಾನದ ಜಗಳವಿರಬೇಕು ಎಂದು ಒಬ್ಬರ ಮುಖ ಒಬ್ಬರು ನೋಡುವುದು. ಈಗ ಆ ಮಗಳಿಗೆ ಏಳನೆಯ ತಿಂಗಳು, ಬೀಳಗಿಯ ಗಂಡನ ಮನೆಯಲ್ಲಿ ಕುಬುಸ. ನಮ್ಮಲ್ಲಿ ಮೊದಲು ಉಡಿ ತುಂಬುವವಳು ಸೋದರತ್ತೆ. ಅವಳು ಹಸಿರು ಸೀರೆ ತಂದು ಉಡಿ ತುಂಬುವ ತನಕ ಬಸುರಿ ಹೆಂಗಸು ಮಣೆಯ ಮೇಲೆ ಕಾಯಬೇಕು. "ಮದುವಿ ಅಂತೂ ತಪ್ಪಿತು. ಕುಬುಸ ತಪ್ಪಿಸಿಕೊಂಡ್ರ ಆ ಕೂಸಿಗೆ ನಾ ಯಾವ ಮಾರಿ ತೋರಸ್ಲಿ?" ಎಂದು ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದಳು. ಮಾಮಾ ಅದನ್ನು ಕೇಳಿಸಿಕೊಂಡು ಸುತ್ತಿಗೆ ಕೈಗೆತ್ತಿಕೊಂಡಿದ್ದರು.

ಉದ್ದೇಶ ಒಳ್ಳೆಯದು ಅಂತ ವ್ಯಾನನ್ನು ಹೊಗಳಲಿಕ್ಕಾಗುವುದಿಲ್ಲ. ಹತ್ತಿ ನೋಡಿದೆ. ಕಿಟಕಿಯ ಪರದೆಗಳು ಮಗ್ಗದ ಉರುಳಿಗೆ ಸುತ್ತಿಕೊಂಡಿದ್ದವು. ಒಂದನ್ನು ಎಳೆದರೆ ನಾಲ್ಕೂ ಒಟ್ಟಿಗೆ ಇಳಿದು ನಡುಹಗಲಲ್ಲಿ ಕತ್ತಲು ಮಾಡುತ್ತಿದ್ದವು. ತಗಡು ಕಾಯಬಾರದೆಂದು ಛಾವಣಿಯೊಳಗೆ ನೂಲಿನ ಚಿಂದಿ ತುರುಕಿ ಗೋಣಿ ಹೊಡೆದಿದ್ದರು. ವ್ಯಾನು ಕೆಮ್ಮಿದಾಗಲೆಲ್ಲ ತಲೆಯ ಮೇಲೆ ಬಣ್ಣಬಣ್ಣದ ಎಳೆ ಉದುರುತ್ತಿತ್ತು. ನೀರಿಗೆ ಬೆಳೆಗೆ ಔಷಧ ಹೊಡೆಯುವ ಪಂಪು. ಕೈ ತೊಳೆಯಬೇಕೆಂದರೆ ಒಬ್ಬರು ಅದನ್ನು ಬೆನ್ನಿಗೆ ಕಟ್ಟಿಕೊಂಡು ಹಿಡಿ ಒತ್ತಬೇಕು, ಇನ್ನೊಬ್ಬರು ತೊಳೆದುಕೊಳ್ಳಬೇಕು. "ಹೊಸಾ ಪಂಪ ಐತಿ, ಔಷಧ ಮುಟ್ಟಿಲ್ಲ" ಎಂದರು ಮಾಮಾ. ಮೂಲೆಯಲ್ಲಿ ಹಳೆಯ ಅಲಮಾರಿಯ ಬಾಗಿಲು ಹಚ್ಚಿದ ಒಂದು ಗೂಡು. ಅದರೊಳಗೆ ನಡುವೆ ತೂತು ಕೊರೆದ ಪ್ಲಾಸ್ಟಿಕ್ ಖುರ್ಚಿ, ಕೆಳಗೆ ಮುಚ್ಚಳದ ಬಕೆಟ್ಟು. ಈ ಗೂಡಿಗಾಗಿಯೇ ಇಡೀ ವ್ಯಾನು.

ಇಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಆದರೆ ಆ ಗೂಡಿನ ಬಾಗಿಲಿನ ಮುಂದೆಯೇ ವ್ಯಾನಿನ ನೆಲ ಕೊರೆದು ಒಂದು ಕುಣಿ ಮಾಡಿದ್ದರು. ಮಾಮಾ ಹುಟ್ಟಾ ಕುಣಿಮಗ್ಗದವರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುತ್ತಲೇ ಆಯುಷ್ಯ ಕಳೆದವರು. ಕಾಲು ಕೆಳಗೆ ಇಳಿಯದಿದ್ದರೆ ಅದು ಅವರ ಲೆಕ್ಕದಲ್ಲಿ ಕೂರುವುದೇ ಅಲ್ಲ. ನನ್ನ ಮದುವೆಯಲ್ಲಿ ಪಂಕ್ತಿ ಬಿಟ್ಟು, ಎಲೆ ಎತ್ತಿಕೊಂಡು ಹೋಗಿ ಕಟ್ಟೆಯ ಅಂಚಿಗೆ ಕಾಲು ಇಳಿಬಿಟ್ಟು ಉಂಡಿದ್ದರು. ಹೋಟೆಲಿನ ಖುರ್ಚಿಯಲ್ಲಿ ಕೂತರೂ ಅವರ ಕಾಲು ನೆಲದಲ್ಲಿ ಏನೋ ಹುಡುಕುತ್ತಿರುತ್ತದೆ. ಆ ಸುಖ ಪ್ರವಾಸದಲ್ಲಿ ಎಲ್ಲರಿಗೂ ಸಿಗಲಿ ಎಂದು ನೆಲ ಕೊರೆದು, ಕೆಳಗೆ ಎಣ್ಣೆಯ ಡಬ್ಬಿಯ ತಗಡನ್ನು ಪೆಟ್ಟಿಗೆಯ ಹಾಗೆ ಬೆಸೆದು ಇಳಿಬಿಟ್ಟಿದ್ದರು. ಪೆಟ್ಟಿಗೆಯ ತಳ ರಸ್ತೆಗೆ ಒಂದು ಗೇಣು ಮೇಲೆ.

"ಮಾಮಾ, ಈ ಕುಣಿಯೊಳಗ ಯಾರರ ಕುಂತ್ರ ಆ ಬಾಗಲಾ ತೆರೆಯೂದಿಲ್ಲಲ್ರಿ" ಎಂದೆ.

"ಕುಂತವರು ಏಳ್ತಾರ, ಬಾಗಲಾ ತೆರೀತೈತಿ. ಅದರಾಗೇನೈತಿ?"

"ಮತ್ತ ಕೆಳಗ ಇಷ್ಟ ಜೋತಬಿದ್ದೈತಿ, ಹಂಪ್ಸಿಗೆ ಬಡೀದಿಲ್ಲೇನ್ರಿ?"

"ನೀ ಕೋರ್ಟಿನ ಮುಂದ ಕುಂತು ಮಂದೀ ಮನಿ ಒಡಿಯೂ ಕಾಗದ ಬರಿಯಾಂವ. ಕಟ್ಟೂದು ನಿನಗೇನ್ ತಿಳೀಬೇಕು?"

ಅದು ಸುಳ್ಳಲ್ಲ. ನಮ್ಮೂರು ಜಮಖಂಡಿಯ ಕೋರ್ಟಿನ ಎದುರು ಟೇಬಲ್ ಹಾಕಿಕೊಂಡು ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ವಾಟ್ನಿ ಪತ್ರ ಬರೆದೇ ನಾನು ಹೊಟ್ಟೆ ಹೊರೆದವನು. ಆದರೂ ಮನಸ್ಸಿಗೆ ಚುಚ್ಚಿತು. ಈ ವ್ಯಾನಿನ ಯಾವ ಸುಖವನ್ನೂ ಮುಟ್ಟಬಾರದೆಂದು ಆ ಗಳಿಗೆಯಲ್ಲೇ ನಿಶ್ಚಯಿಸಿದೆ.

ಹೊರಟೆವು. ಮಾಮಾ ಮುಂದೆ, ನಾನೂ ಅಕ್ಕನೂ ಹಿಂದೆ. ಹಾಸಿಗೆಯ ಮೇಲೆ ಅಕ್ಕ, ಅವಳ ಪಕ್ಕ ಶೇಂಗಾ ಹೋಳಿಗೆಯ ಬುಟ್ಟಿ, ಕುಸುಬಿ ಎಣ್ಣೆಯ ಕ್ಯಾನು, ಹಸಿರು ಸೀರೆಯ ತಟ್ಟೆ. ನನಗೆ ಉಳಿದದ್ದು ನೆಲ. ಜಮಖಂಡಿಯವರೆಗೆ ಚಕ್ಕಳಮಕ್ಕಳ ಹಾಕಿ ಕೂತು, ತಲೆಯ ಮೇಲೆ ಉದುರಿದ ನೂಲನ್ನು ಒಂದೊಂದಾಗಿ ಹೆಕ್ಕಿ ಅಕ್ಕನಿಗೆ ತೋರಿಸುತ್ತ, "ನೋಡವಾ, ಬೀಳಗಿ ಮುಟ್ಟೂದರೊಳಗ ಒಂದ ಸೀರಿ ದಡಿ ನೇಯಬಹುದು" ಅನ್ನುತ್ತ ಬಂದೆ. ಅಕ್ಕ ಎರಡು ಸಲ ಗೂಡಿಗೆ ಹೋಗಿಬಂದಳು. ಎರಡು ಸಲವೂ ಹೊರಗೆ ಬಂದಾಗ ಅವಳ ಮುಖದಲ್ಲಿ ಹೊಸ ಮನೆ ಕಟ್ಟಿಸಿದ ಕಳೆ. ಅದನ್ನು ನೋಡಿಯೂ ನನ್ನ ಬಾಯಿ ನಿಲ್ಲಲಿಲ್ಲ. ನಿಂತದ್ದು ಮೊಣಕಾಲು. ಜಮಖಂಡಿ ದಾಟಿದ ಮೇಲೆ ಅವು ಕೆಂಡ ಕಟ್ಟಿದಂತೆ ಉರಿಯತೊಡಗಿದವು. ಅಕ್ಕ ಕಣ್ಣು ಮುಚ್ಚಿದ್ದಾಳೆ, ಮಾಮಾ ರಸ್ತೆ ನೋಡುತ್ತಿದ್ದಾರೆ ಎಂಬುದನ್ನು ಖಾತ್ರಿ ಮಾಡಿಕೊಂಡು ಮೆಲ್ಲಗೆ ಕಾಲೆರಡನ್ನೂ ಕುಣಿಯೊಳಗೆ ಇಳಿಸಿದೆ.

ಇಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ. ಅಷ್ಟು ಆರಾಮದ ಆಸನ ನನ್ನ ಜನ್ಮದಲ್ಲಿ ಸಿಕ್ಕಿರಲಿಲ್ಲ. ತಗಡಿನ ಸಂದಿಯಿಂದ ತಂಪು ಗಾಳಿ ಪಾದಕ್ಕೆ ಬಡಿಯುತ್ತಿತ್ತು. ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟೆ, ಕಣ್ಣು ತಾನಾಗಿಯೇ ಎಳೆಯಿತು. ಯಾವುದೋ ಹಳ್ಳಿಯ ಮುಂದೆ ಹೊಸದಾಗಿ ಹಾಕಿದ ಹಂಪ್ಸು ಬಂತು. ಕೆಳಗಿನಿಂದ ಗುದ್ದಿದ ಹಾಗೆ ಸದ್ದಾಯಿತು. ಎಚ್ಚರಾಗಿ ನೋಡಿದರೆ ತಗಡಿನ ಪೆಟ್ಟಿಗೆ ಮುದ್ದೆಯಾಗಿ ನನ್ನ ಎರಡೂ ಮೀನಖಂಡಗಳನ್ನು ಅಪ್ಪಿಕೊಂಡಿತ್ತು. ಗಾಯವಿಲ್ಲ, ನೋವಿಲ್ಲ, ಬಿಡುಗಡೆಯೂ ಇಲ್ಲ. "ಏನಾತೋ ಅಳ್ಯಾ?" ಎಂದರು ಮಾಮಾ ಮುಂದಿನಿಂದ. "ಏನಿಲ್ರಿ" ಎಂದೆ. ಬೆಳಗಿನಿಂದ ಅಷ್ಟು ಆಡಿಕೊಂಡು, ಅದೇ ಕುಣಿಯಲ್ಲಿ ಬೋನಿಗೆ ಬಿದ್ದ ಇಲಿಯ ಹಾಗೆ ಸಿಕ್ಕಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ? ಬೀಳಗಿ ಮುಟ್ಟುವ ತನಕ ಹೀಗೇ ಗಂಭೀರವಾಗಿ ಕೂತುಬಿಡೋಣ, ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ.

ಸ್ವಲ್ಪ ಮುಂದೆ ವ್ಯಾನು ನಿಂತೇಬಿಟ್ಟಿತು. ಕಬ್ಬಿನ ಹಂಗಾಮು. ಜೋಡಿ ಟ್ರೇಲಿಯ ಟ್ರ್ಯಾಕ್ಟರೊಂದು ರಸ್ತೆಯ ಅಡ್ಡ ಮಗುಚಿ, ಕಬ್ಬೆಲ್ಲ ಚೆಲ್ಲಿ, ಹಿಂದೆ ಟ್ರ್ಯಾಕ್ಟರುಗಳ ಸಾಲು. ಅಕ್ಕಪಕ್ಕ ಹೊಲದಲ್ಲಿ ಕೂಲಿ ಗ್ಯಾಂಗಿನವರು ಕಬ್ಬು ಕಡಿಯುತ್ತಿದ್ದರು. ಹಿಂದಿನ ದಿನವೇ ಬೀಳಗಿಗೆ ಹೋಗಿದ್ದ ನನ್ನ ಹೆಂಡತಿಯ ಫೋನು: "ಎಲ್ಲೀತನಾ ಬಂದ್ರಿ? ಹುಡುಗಿ ಮಣೀ ಮ್ಯಾಲೆ ಕುಂತಾಳ. ಆಕಿ ಅತ್ತಿ ಆಗಲೇ ಎರಡು ಸಲ ಕೇಳಿದ್ರು." ಬರುತ್ತಿದ್ದೇವೆ ಎಂದು ಹೇಳಿ ಫೋನು ಇಟ್ಟೆ. ಆಗ ಅಕ್ಕ ಹಾಸಿಗೆಯಿಂದ ಇಳಿದಳು.

"ತಮ್ಮಾ, ಏಳು."

ನಾನು ಕಿಟಕಿಯಾಚೆ ನೋಡಿದೆ.

"ಏಳೋ, ನನಗ ಹೋಗಬೇಕಾಗೇತಿ."

"ಏಳಾಕ ಬರವಲ್ದು ಅಕ್ಕಾ."

ಅಕ್ಕ ಬಾಗಿಲು ಎಳೆದಳು. ಅದು ನನ್ನ ಬೆನ್ನಿನವರೆಗೆ ನಾಲ್ಕು ಬೆರಳು ತೆರೆದು ನಿಂತಿತು. ಮಾಮಾ ಓಡಿಬಂದು ಬಗ್ಗಿ ಕುಣಿಯೊಳಗೆ ಇಣುಕಿದರು. ನಕ್ಕಿದ್ದರೆ ತಡೆದುಕೊಳ್ಳುತ್ತಿದ್ದೆ, ನಗಲಿಲ್ಲ. ನನ್ನ ಭುಜ ಹಿಡಿದು ಜಗ್ಗಿದರು, ಬಾಗಿಲನ್ನು ಜಗ್ಗಿದರು, ಮತ್ತೆ ನನ್ನನ್ನು ಜಗ್ಗಿದರು. ಬಾಗಿಲಿನ ಬಿಜಾಗರಿ ಬಿಚ್ಚೋಣವೆಂದರೆ ಅದನ್ನು ಒಳಗಡೆಯಿಂದ ಹೊಡೆದಿದ್ದರು. ಅಕ್ಕ ಕಂಬಿ ಹಿಡಿದು, ತುಟಿ ಕಚ್ಚಿ ನಿಂತಿದ್ದಳು. ಹಿಂದೆ ಮುಂದೆ ಟ್ರ್ಯಾಕ್ಟರುಗಳು, ಅವುಗಳ ಮೇಲೆ ಗಂಡಸರು. ಕಣ್ಣಲ್ಲಿ ನೀರು ತುಂಬಿಕೊಂಡು, "ಮನಿಗೇ ಹೊಳ್ಳಿ ಹೋಗೂಣು ನಡೀರಿ. ನನಗ ಯಾವ ಕುಬುಸಾನೂ ಬ್ಯಾಡ" ಎಂದಳು. ನನ್ನ ಕಾಲಿನ ಮೇಲೆ ನನಗೆ ಅಷ್ಟು ಸಿಟ್ಟು ಹಿಂದೆಂದೂ ಬಂದಿರಲಿಲ್ಲ.

ಕಬ್ಬು ಕಡಿಯುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಕಿಟಕಿಯಲ್ಲಿ ಅಕ್ಕನ ಮುಖ ನೋಡಿದಳು. ಕುಡುಗೋಲು ಕೆಳಗಿಟ್ಟು ಬಂದು, "ಬಾ ಯವ್ವಾ, ನಾವ್ ಅದೀವಿ" ಎಂದು ಕೈ ಚಾಚಿದಳು.

"ಎಲ್ಲಾರೂ ನೋಡಾಕತ್ತಾರ" ಎಂದಳು ಅಕ್ಕ.

ಆ ಹೆಂಗಸು ಟ್ರ್ಯಾಕ್ಟರುಗಳ ಕಡೆ ತಿರುಗಿ, "ಲೇ, ಮಾರಿ ಆ ಕಡೆ ಮಾಡ್ರಲೇ ಎಲ್ಲಾರೂ" ಎಂದಳು. ಇಡೀ ಸಾಲು ಒಂದೇ ಸಲ ತಿರುಗಿತು. ಒಬ್ಬ ತನ್ನ ಟ್ರ್ಯಾಕ್ಟರಿನ ಹಾಡಿನ ದನಿಯನ್ನೂ ಏರಿಸಿದ. ಇನ್ನಿಬ್ಬರು ಹೆಣ್ಣುಮಕ್ಕಳು ಒಂದು ಸೀರೆ ಅಡ್ಡ ಹಿಡಿದು ಅಕ್ಕನನ್ನು ಕಬ್ಬಿನೊಳಗೆ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ ನಗೆ ಕೇಳಿಸಿತು. ಅದರಲ್ಲಿ ಅಕ್ಕನದೂ ಇತ್ತು. ಬಂದವಳೇ ಬುಟ್ಟಿಯ ಅರ್ಧ ಹೋಳಿಗೆ ಅವರ ಉಡಿಗೆ ಹಾಕಿ, "ನನಗ ಇವರು ಸೀರಿ ಹಿಡದ್ರು. ಇವರಿಗೆ ದಿನಾ ಯಾರ್ ಹಿಡೀತಾರ?" ಎಂದು ನನ್ನನ್ನು ನೋಡಿದಳು. ಆ ಹೊತ್ತಿಗೆ ಮಾಮಾ ಬೀಗರ ಮನೆಗೆಂದು ತಂದ ಕುಸುಬಿ ಎಣ್ಣೆಯನ್ನೆಲ್ಲ ನನ್ನ ಕಾಲಿಗೆ ಸುರಿದು, ಕಂಕುಳಿಗೆ ಕೈ ಕೊಟ್ಟು, ನೆಲದಿಂದ ಗಜ್ಜರಿ ಕಿತ್ತ ಹಾಗೆ ಕಿತ್ತರು. ಚಪ್ಪಲಿ ಕುಣಿಯಲ್ಲೇ ಉಳಿಯಿತು.

ರಸ್ತೆ ತೆರವಾದ ಮೇಲೆ ಬೀಳಗಿ ಮುಟ್ಟಿದೆವು. ಅಕ್ಕ ಇಳಿದು ನೇರ ಒಳಗೆ ಹೋಗಿ ಹುಡುಗಿಗೆ ಉಡಿ ತುಂಬಿದಳು. ಮಗಳು ಅವಳ ಹೆಗಲಿಗೆ ಹಣೆ ಹಚ್ಚಿ ಸುಮಾರು ಹೊತ್ತು ಬಿಡಲಿಲ್ಲ. ನಾನು ಬರಿಗಾಲಲ್ಲಿ, ಮೊಣಕಾಲವರೆಗೆ ಮಿರಿಮಿರಿ ಮಿಂಚುತ್ತ ಬಾಗಿಲಲ್ಲಿ ನಿಂತಿದ್ದೆ. "ಏನ್ ಬೀಗರ, ಕುಸ್ತಿಗೆ ಬಂದಂಗ ಬಂದೀರಿ" ಎಂದರು ಬೀಗರು.

ಮುಂದೆ ಮಗಳು ನಮ್ಮ ಮನೆಯಲ್ಲೇ ಹೆತ್ತಳು, ಹೆಣ್ಣು ಕೂಸು. ಬಾಣಂತನ ಮುಗಿಸಿ ಅವಳನ್ನು ಗಂಡನ ಮನೆಗೆ ಕಳಿಸುವ ದಿನ, ಆ ವ್ಯಾನಿನ ಸಹವಾಸವೇ ಬೇಡವೆಂದು ನಾನು ಜಮಖಂಡಿಯಲ್ಲಿ ಎಸಿ ಇರುವ ಒಂದು ಕಾರು ಗೊತ್ತು ಮಾಡಿದ್ದೆ. ಬೆಳಿಗ್ಗೆ ರಬಕವಿಯಿಂದ ವ್ಯಾನು ಬಂತು. ಮಾಮಾ ಕುಣಿಯನ್ನು ಕಿತ್ತು ನೆಲಕ್ಕೆ ತಗಡು ಬೆಸೆದಿದ್ದರು. ಅಕ್ಕನ ಜೊತೆ ಓಣಿಯ ಐದಾರು ಹೆಂಗಸರು ಇಳಿದರು. ಎಲ್ಲರೂ ಅವಳ ವಯಸ್ಸಿನವರು, ಎಲ್ಲರೂ ಯಾವ ಕಾರ್ಯಕ್ಕೂ ಊರು ಬಿಟ್ಟು ಹೋಗದೆ ಉಳಿದವರು. ಯಾಕೆ ಹೋಗುತ್ತಿರಲಿಲ್ಲ ಎಂದು ಅವರ ಮನೆಯ ಗಂಡಸರು ಯಾರೂ ಕೇಳಿರಲಿಲ್ಲ. ಮಗಳು ಕಾರಿನ ಕಡೆ ನೋಡಲೂ ಇಲ್ಲ. "ಅಪ್ಪಾ, ಕೂಸಿಗೆ ಮಲಕೊಂಡು ಹಾಲು ಕುಡಸಾಕ ವ್ಯಾನಿನಾಗ ಛಲೋ ಆಗತೈತಿ" ಎಂದು ಹತ್ತಿದಳು. ನನ್ನ ಹೆಂಡತಿ ಹತ್ತಿದಳು. ಹೆಂಗಸರೆಲ್ಲ ಹತ್ತಿದರು. ನಾನೂ ಒಂದು ಕಾಲು ಎತ್ತಿಟ್ಟೆ.

"ಜಾಗಾ ಇಲ್ಲೋ ತಮ್ಮಾ" ಎಂದಳು ಅಕ್ಕ, ಒಳಗಿನಿಂದ ಬಾಗಿಲು ಎಳೆದುಕೊಳ್ಳುತ್ತ. "ತೊಟ್ಟಿಲಾ ಒಂದ ಉಳದೈತಿ, ಅದನ್ನ ನೀ ಕಾರಿನಾಗ ತಗೊಂಡ ಬಾ."

ವ್ಯಾನು ಹೋಯಿತು. ಕಾರಿನ ಡ್ರೈವರು ಎಸಿ ಹಚ್ಚಿ, "ಯಾರ್ಯಾರ ಬರೂರ ಅದಾರ್ರಿ?" ಎಂದು ಕೇಳಿದ. ತೊಟ್ಟಿಲನ್ನು ಹಿಂದಿನ ಸೀಟಿನಲ್ಲಿಟ್ಟು, ಅದರ ಪಕ್ಕ ನಾನು ಕೂತೆ.